ಗಿಂಡಿಯ ತೂಕ, ಕೈಯ ಕ್ರಯ

ಓ ಮೊನ್ನೆ ನೆಂಟ್ರ ಮನೆಲಿ ಒಂದು ಉಪನಯನದ ಜೆಂಬ್ರ. ಊಟ ಆಗಿ ಎಂಗೊ ಹೆಮ್ಮಕ್ಕೊ ಎಲ್ಲ ಎಲೆ ಅಡಕ್ಕೆ ತಿಂದೊಂಡು ಕೂದಿಪ್ಪಗ, ಎನ್ನ ತಮ್ಮನ ಮಗಳು ಕೆಮಿಗೆ ಹಾಕಿದ ಓಲೆ ಎಲ್ಲೋರ ಕಣ್ಣಿಂಗೆ ಬಿದ್ದತ್ತು. ಹಿತ್ತಾಳೆಲಿ ಅಡಕ್ಕೆ ಹಿಂಗಾರದ ನಮುನೆಲಿ ಮಾಡಿದ ಓಲೆ. ಅದೇ ಮಾಡಿದ್ದು. ಕದ್ರಿಲಿ ಒಂದು ಮನೆಯ ಮಾಳಿಗೆಲಿ ಸಣ್ಣ ಕೋಣೆ ಬಾಡಿಗೆಗೆ ತೆಕ್ಕೊಂಡು ತಾಮ್ರ, ಹಿತ್ತಾಳೆ, ಬೆಳ್ಳಿಲಿ ಓಲೆ, ಬಳೆ, ಸಣ್ಣ ಸಣ್ಣ ದೀಪ ಮಾಡಿ ಮಾರ್ತು. ಎರಡು ವರ್ಷ ಆತು ಶುರು ಮಾಡಿ.

"ಎಷ್ಟಕ್ಕೆ ಕೊಡ್ತೆ ಇದರ?" ಕೇಳಿದವು ಒಬ್ಬ ಚಿಕ್ಕಮ್ಮ.

"ಜೋಡಿಗೆ 800 ರೂಪಾಯಿ."

"ಎಂಟ್ನೂರೋ! ಹತ್ತು ಗ್ರಾಂ ಹಿತ್ತಾಳೆ ಇಲ್ಲೆ ಇದರ್ಲಿ. ಗುಜಿರಿಯವ ಎರಡು ಕಿಲೋಕ್ಕೆ ಕೊಡುಗು ಅಷ್ಟು!"

ಎಲ್ಲೋರುದೆ ನೆಗೆ ಮಾಡಿದವು. ಆನುದೆ ನೆಗೆ ಮಾಡಿದೆ. ಕೂಸಿನ ಮೋರೆ ಸಣ್ಣ ಆದ್ದದು ಎನಗೆ ಕಂಡತ್ತು, ಆದರೂ ಬಾಯಿಲಿ ಒಂದು ಮಾತು ಬಯಿಂದಿಲ್ಲೆ. ವಾಪಾಸು ಬಪ್ಪಗ ಕಾರಿಲಿ ಅದು ಹೇಳಿತ್ತು: "ಅತ್ತೆ, ಬಪ್ಪ ತಿಂಗಳು ಕೋಣೆ ಬಿಡ್ತೆ. ಹೆರಾಣವಕ್ಕೆ ಹೇಳಿ ಅರ್ಥ ಮಾಡ್ಸುಲೆ ಎಡಿಗು. ಮನೆಯವಕ್ಕೆ ಎಡಿಯ."

ಆ ದಿನ ಇರುಳು ಎನಗೆ ಒರಕ್ಕು ಬಯಿಂದಿಲ್ಲೆ. ಎಂತಕೆ ಹೇಳಿರೆ ಎನ್ನತ್ರೆ ಒಂದು ಹಳೆ ತಪ್ಪಿನ ಲೆಕ್ಕ ಬಾಕಿ ಇದ್ದು. ಎನ್ನ ಅತ್ತೆ ತೀರಿಹೋದ ಮತ್ತೆ ಎಂಗೊ ಊರಿನ ಮನೆ ಬಿಟ್ಟು ಮಂಗಳೂರಿನ ಫ್ಲಾಟಿಂಗೆ ಬಂದೆಯೊ. ಅಟ್ಟಲ್ಲಿ ಇಪ್ಪ ಪಾತ್ರಂಗಳ ಎಲ್ಲಿ ಮಡುಗುದು? ಗುಜಿರಿಯವನ ದೆನುಗೇಳಿ ತೂಕಕ್ಕೆ ಕೊಟ್ಟೆ. ಮೂರು ಕೊಡಪಾನ, ಒಂದು ಉರುಳಿ, ಮತ್ತೆ ಅತ್ತೆ ಅವರ ಅಪ್ಪನ ಮನೆಂದ ತಂದ ಒಂದು ಕಂಚಿನ ಗಿಂಡಿ. ಅದರ ಮೂತಿಯ ಬುಡಲ್ಲಿ ಆರೋ ಹಳೆ ಕಾಲಲ್ಲಿ ಬೆಸುಗೆ ಹಾಕಿದ ಗುರ್ತ ಇತ್ತು. ಗೋಣಿಲಿ ಹಿಡಿತ್ತಿಲ್ಲೆ ಹೇಳಿ ಅವ ಎನ್ನ ಎದುರೇ ಆ ಮೂತಿಗೆ ಸುತ್ತಿಗೆಲಿ ಎರಡು ಪೆಟ್ಟು ಹಾಕಿದ. ಮುರುದತ್ತು. ಆನು ಪೈಸೆ ಎಣಿಸಿ ತೆಕ್ಕೊಂಡೆ.

ಗಿಂಡಿಗೆ ತೂಕ ಮಾಂತ್ರ ಇಪ್ಪದು ಹೇಳಿ ಗ್ರೇಶಿದ್ದದು ಆನು. ಓಲಗೆ ತೂಕ ಮಾಂತ್ರ ಇಪ್ಪದು ಹೇಳಿ ಚಿಕ್ಕಮ್ಮ ಹೇಳಿದ್ದದು. ಎರಡೂ ಒಂದೇ ಮಾತು. ಈ ಬುದ್ಧಿ ನವಗೆ ಎಲ್ಲಿಂದ ಬಂತು? ನಮ್ಮ ಊರಿನ ಚರಿತ್ರೆಯ ರಜ ನೋಡಿರೆ, ಇಲ್ಲಿಯಾಣವು ಮದಲು ಹೀಂಗೆ ಇತ್ತಿದ್ದವಿಲ್ಲೆ ಹೇಳಿ ಕಾಣ್ತು.

ಒಂಬೈನೂರು ವರ್ಷ ಹಿಂದೆ ಹೋಪೊ. 1132ನೇ ಇಸವಿ, ತುಳುನಾಡಿಲಿ ಆಳುಪರ ಕಾಲ. ಆಫ್ರಿಕದ ಉತ್ತರ ಕರೆಲಿ, ಈಗ ಟ್ಯುನಿಷಿಯ ಹೇಳ್ತ ದೇಶಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಹೇಳ್ತ ಯೆಹೂದಿ ವ್ಯಾಪಾರಿ, ಈಜಿಪ್ಟ್, ಏಡನ್ ದಾಂಟಿ ಮಂಗಳೂರಿಂಗೆ ಬಂದು ಮನೆ ಮಾಡಿದ. 1149ರ ವರೆಗೆ, ಹೆಚ್ಚುಕಮ್ಮಿ 17 ವರ್ಷ ಈ ಕರಾವಳಿಲೇ ಇತ್ತಿದ್ದ. ಅಡಕ್ಕೆ, ಏಲಕ್ಕಿ, ಗೆಣಮೆಣಸು, ಕಬ್ಬಿಣ ಎಲ್ಲ ಹಡಗಿಲಿ ಏಡನಿಂಗೆ ಕಳುಸುಗು. ಅಲ್ಲಿಂದ ಅವಂಗೆ ಬರವಲೆ ಕಾಗದ, ಸಕ್ಕರೆ, ಒಣದ್ರಾಕ್ಷೆ ಬಕ್ಕು.

ಇದರೊಟ್ಟಿಂಗೆ ಅವಂದು ಇನ್ನೊಂದು ಉದ್ಯೋಗ ಇತ್ತು: ಕಂಚು-ತಾಮ್ರದ ಪಾತ್ರೆ ಮಾಡ್ಸುವ ಕಾರ್ಖಾನೆ. ಕಾರ್ಖಾನೆ ಹೇಳಿರೆ ಈಗ ನಮ್ಮ ಬೈಕಂಪಾಡಿಲಿ ಇಪ್ಪ ನಮುನೆದು ಅಲ್ಲ. ಕಿಚ್ಚಿನ ಬುಡಲ್ಲಿ ಕೂದು ಕೈಲಿ ಕೆಲಸ ಮಾಡ್ತವರ ಜಾಗೆ. ಏಡನಿನ ಗಿರಾಕಿಗೊ ಎಂತ ಮಾಡುಗು ಗೊಂತಿದ್ದೊ? ಅವರ ಮನೆಯ ಒಡದ, ಹಳತ್ತಾದ ಪಾತ್ರಂಗಳ ಹಡಗಿಲಿ ಮಂಗಳೂರಿಂಗೆ ಕಳುಸುಗು. ಇದರ ಕರಗುಸಿ ಎನಗೆ ಇಂಥ ನಮುನೆಯ ಗಿಂಡಿ ಆಯೆಕ್ಕು, ಇಂಥ ಬೋಗುಣಿ ಆಯೆಕ್ಕು ಹೇಳಿ ವಿವರವಾಗಿ ಕಾಗದ ಬರಗು. ಮಳೆಗಾಲಲ್ಲಿ ಸಮುದ್ರಲ್ಲಿ ಹಡಗು ಓಡ. ಗಾಳಿಯ ದಿಕ್ಕು ತಿರುಗುವ ವರೆಗೆ ಕಾಯೆಕ್ಕು. ಒಂದು ಗಿಂಡಿ ಮಾಡ್ಸಿ ಕೈಗೆ ಸಿಕ್ಕೆಕ್ಕಾರೆ ತಿಂಗಳುಗಟ್ಲೆ ತಾಳ್ಮೆ ಬೇಕು.

ನಮ್ಮ ಕರಾವಳಿಲಿ ತಾಮ್ರದ ಗಣಿ ಇಲ್ಲೆ. ತಾಮ್ರ ಅವರದ್ದು, ಕೈ ನಮ್ಮದು. ತೂಕಕ್ಕೆ ಮಾಂತ್ರ ಬೆಲೆ ಇಪ್ಪದಾಗಿದ್ದರೆ ಆ ಒಡಕ್ಕು ಪಾತ್ರೆಯ ಅವು ಏಡನಿನ ಪೇಟೆಲೇ ಮಾರ್ತಿತ್ತಿದ್ದವು. ಸಮುದ್ರ ದಾಂಟುಸಿ ಇಲ್ಲಿಗೆ ಕಳುಸಿದ್ದದು ಇಲ್ಲಿಯಾಣ ಕೈಯ ಕೆಲಸಕ್ಕೆ ಬೇಕಾಗಿ.

ಈ ಸಂಗತಿ ನವಗೆ ಗೊಂತಾದ್ದದು ಹೇಂಗೆ ಹೇಳಿರೆ ಅದುದೆ ಒಂದು ಕತೆ. ದೇವರ ಹೆಸರು ಬರದ ಕಾಗದವ ಇಡುಕ್ಕಲಾಗ ಹೇಳಿ ಯೆಹೂದಿಗಳಲ್ಲಿ ಕ್ರಮ. ನಾವು ದೇವರ ನಿರ್ಮಾಲ್ಯವ ಮೆಟ್ಟುವ ಜಾಗೆಗೆ ಹಾಕದ್ದ ಹಾಂಗೆ. ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಲಿ ಅಂಥ ಕಾಗದಂಗೊ ನೂರಾರು ವರ್ಷ ರಾಶಿ ಬಿದ್ದೊಂಡಿತ್ತು. ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಹೇಳ್ತ ಅವಳಿ ಅಕ್ಕ-ತಂಗೆಕ್ಕೊ 1896ರಲ್ಲಿ ಈಜಿಪ್ಟಿನ ಹೊಡೆಂದ ತಂದ ಹಳೆ ಹಾಳೆಗಳ ಕೇಂಬ್ರಿಜಿನ ಸೋಲೊಮನ್ ಶೆಕ್ಟರ್ ಹೇಳ್ತ ವಿದ್ವಾಂಸಂಗೆ ತೋರ್ಸಿದವು. ಅವ ಕೈರೋಕ್ಕೆ ಹೋಗಿ ಆ ರಾಶಿಯ ದೊಡ್ಡ ಪಾಲಿನ ಕೇಂಬ್ರಿಜಿಂಗೆ ತಂದ. ಅದರ್ಲಿ ನಮ್ಮ ಮಂಗಳೂರಿನ ವ್ಯಾಪಾರಿಯ ಕಾಗದಂಗಳುದೆ ಇತ್ತು. ಎಸ್. ಡಿ. ಗೊಯ್ಟೀನ್ ಹೇಳ್ತ ವಿದ್ವಾಂಸ ಅದರ ಓದಿ ಬರದವು. ಅಮಿತಾವ್ ಘೋಷ್ 1992ರ 'ಇನ್ ಆನ್ ಆಂಟಿಕ್ ಲ್ಯಾಂಡ್' ಹೇಳ್ತ ಪುಸ್ತಕಲ್ಲಿ ಆ ಕತೆಯ ಲೋಕಕ್ಕೆ ಹೇಳಿದವು. ಬೆನ್ ಯಿಜುವಿನ ವ್ಯಾಪಾರಕ್ಕೆ ಏಡನಿಂಗೆ ಹೋಗಿ ಬಂದೊಂಡಿದ್ದ ಆಳಿನ ಹೆಸರು 'ಬೊಮ್ಮ' ಆಗಿಕ್ಕು ಹೇಳಿ ಅವಕ್ಕೆ ದಾರಿ ತೋರ್ಸಿದ್ದು ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊ. ಬಿ. ಎ. ವಿವೇಕ ರೈ.

ಆ ಕಾಗದಂಗಳಲ್ಲಿ ಒಂದು ಹೆಮ್ಮಕ್ಕಳ ಹೆಸರುದೆ ಇದ್ದು: ಆಶು. ಬೆನ್ ಯಿಜುವಿನ ಮನೆಲಿ ತೊತ್ತು ಆಗಿ ಇದ್ದ ಊರಿನ ಕೂಸು. 1132ರ ಅಕ್ಟೋಬರ್ 17ಕ್ಕೆ ಮಂಗಳೂರಿಲ್ಲಿ ಅದರ ಬಿಡುಗಡೆಯ ಪತ್ರ ಬರದ್ದವು. ಮತ್ತೆ ಅದರನ್ನೇ ಮದುವೆ ಆದ, ಮಕ್ಕೊ ಆತು ಹೇಳಿ ವಿದ್ವಾಂಸರು ಹೇಳ್ತವು. ಅದರ ಬಗ್ಗೆ ಬೇರೆಯವು ಬರದ್ದದು ಸಿಕ್ಕಿದ್ದು. ಅದು ಹೇಳಿದ ಒಂದು ಮಾತುದೆ ಸಿಕ್ಕಿದ್ದಿಲ್ಲೆ. ಒಲೆ ಬುಡಲ್ಲಿ ಅದರ ಕೈಲಿಯುದೆ ಆ ಕಾರ್ಖಾನೆಯ ಒಂದು ಗಿಂಡಿ ಇದ್ದಿಕ್ಕು ಹೇಳಿ ಎನಗೆ ಪಾತ್ರೆ ತೊಳವಗ ಎಲ್ಲ ನೆಂಪಾವುತ್ತು.

ಇನ್ನು ಚಿನ್ನದ ಕತೆ. ಎನ್ನ ಅಜ್ಜಿಗೆ ಒಂದು ಅವಲಕ್ಕಿ ಸರ ಇತ್ತು. ಆಚಾರಿ ಮನಗೇ ಬಂದು, ಜೆಗಿಲಿಲಿ ಕೆಂಡ ಮಡಿಕ್ಕೊಂಡು, ಕೊಳವೆಲಿ ಊದಿ ಊದಿ ಮಾಡಿದ್ದಡ. ಅಜ್ಜಿ ಅವರ ಎದುರು ಕೂದು ಕಣ್ಣು ಮುಚ್ಚದ್ದೆ ನೋಡಿಗೊಂಡಿತ್ತಿದ್ದವಡ. ಎಂತಕೆ? ಚೂರು ಚಿನ್ನ ಹೋಪಲಾಗ ಹೇಳಿ! 'ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡ' ಹೇಳಿ ಗಾದೆಯೇ ಕಟ್ಟಿ ಮಡುಗಿದ್ದು ನಾವು. ಅಷ್ಟು ಹೊತ್ತು ಆ ಕೈಯನ್ನೇ ನೋಡಿದವು. ಕದಿತ್ತೊ ಹೇಳಿ ನೋಡಿದವು, ಹೇಂಗೆ ಮಾಡ್ತು ಹೇಳಿ ನೋಡಿದ್ದವಿಲ್ಲೆ. ಅಜ್ಜಿಯ ದೂರುತ್ತಿಲ್ಲೆ ಆನು. ಅಂಬಗ ಹೆಮ್ಮಕ್ಕೊಗೆ ನಮ್ಮದು ಹೇಳಿ ಇದ್ದದು ಮೈಮೇಲಾಣ ಆ ರಜ ಚಿನ್ನ ಮಾಂತ್ರ. ಭೂಮಿ, ಮನೆ ಎಲ್ಲ ಗೆಂಡುಮಕ್ಕಳ ಹೆಸರಿಲಿ.

1962ರ ಚೀನಾ ಯುದ್ಧ ಆದ ಮತ್ತೆ, 1963ರ ಜನವರಿಲಿ ಸರಕಾರ ಚಿನ್ನ ನಿಯಂತ್ರಣದ ಕಟ್ಟು ತಂತು. ಮೊರಾರ್ಜಿ ದೇಸಾಯಿ ಅಂಬಗ ಹಣಕಾಸು ಮಂತ್ರಿ. 14 ಕ್ಯಾರೆಟಿಂದ ಹೆಚ್ಚು ಶುದ್ಧದ ಹೊಸ ಆಭರಣ ಮಾಡ್ಲಾಗ! 22 ಕ್ಯಾರೆಟ್ ಹೇಳಿರೆ ನೂರರಲ್ಲಿ ಹೆಚ್ಚುಕಮ್ಮಿ 92 ಪಾಲು ಚಿನ್ನ. 14 ಹೇಳಿರೆ 58 ಪಾಲು ಮಾಂತ್ರ. ಗಟ್ಟಿ ಲೋಹ, ನಮ್ಮ ಆಚಾರಿಗಳ ಕೈಗೆ ಹೊಂದುವದಲ್ಲ, ನಮ್ಮ ಮನೆಯವು ಮೆಚ್ಚುವ ಬಣ್ಣವುದೆ ಅಲ್ಲ. ದೇಶದ ಎಲ್ಲಾ ಹೊಡೆಲಿ ಅಕ್ಕಸಾಲಿಗರ ಕೆಲಸ ನಿಂದತ್ತು. ಜೀವ ಕಳಕ್ಕೊಂಡವರ ಸುದ್ದಿಗಳುದೆ ಬಂತು. ಅಜ್ಜಿಯ ಸರ ಮಾಡಿದ ಆಚಾರಿ ಅದರಿಂದ ಮತ್ತೆ ಮರದ ಡಿಪೋಲಿ ಲೆಕ್ಕ ಬರವಲೆ ಸೇರಿದವಡ. 14 ಕ್ಯಾರೆಟಿನ ಕಟ್ಟಿನ 1966ರಲ್ಲಿ ತೆಗದವು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ಬಂತು, ಅದು ರದ್ದಾದ್ದು 1990ರಲ್ಲಿ. ಅಷ್ಟಪ್ಪಗ ಜೆಗಿಲಿಯ ಕೆಂಡ ನಂದಿ ಆಗಿತ್ತು. ಆಚಾರಿಯ ಮಗ ಆ ಕೊಳವೆಯ ಮುಟ್ಟಿದ್ದನೇ ಇಲ್ಲೆ.

2021ರ ಜೂನಿಂದ ಹಂತ ಹಂತವಾಗಿ ಚಿನ್ನದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಆತು. ಒಳ್ಳೆದೇ, ಮೋಸ ಹೋಪದು ತಪ್ಪಿತ್ತು. ಆದರೆ ಆ ಮೊಹರು ಚಿನ್ನ ಎಷ್ಟು ಶುದ್ಧ ಹೇಳಿ ಹೇಳ್ತು, ಆರ ಕೈ ಮಾಡಿದ್ದು ಹೇಳಿ ಹೇಳ್ತಿಲ್ಲೆ. ಅಜ್ಜಿಯ ಸರ ಈಗ ಎನ್ನ ಅಕ್ಕನತ್ರೆ ಇದ್ದು. ಕೊಂಡಿ ತುಂಡಾತು ಹೇಳಿ ನಾಕು ಅಂಗಡಿ ತಿರುಗಿದ. ಎಲ್ಲಾ ಕಡೆಲಿಯುದೆ ಒಂದೇ ಮಾತು: "ಇದರ ಕೊಟ್ಟು ಹೊಸತ್ತು ತೆಕ್ಕೊಳಿ."

ಕೈಯ ಕೆಲಸಕ್ಕೆ ಬೆಲೆ ಇದ್ದು ಹೇಳಿ ಇಡೀ ದೇಶಕ್ಕೆ ಹೇಳಿಕೊಟ್ಟ ಒಂದು ಹೆಮ್ಮಕ್ಕ ನಮ್ಮ ಮಂಗಳೂರಿಲ್ಲಿಯೇ ಹುಟ್ಟಿದ್ದು. ಕಮಲಾದೇವಿ ಚಟ್ಟೋಪಾಧ್ಯಾಯ, 1903ರ ಎಪ್ರಿಲ್ 3ಕ್ಕೆ. ಅಪ್ಪ ಅನಂತಯ್ಯ ಧಾರೇಶ್ವರ ದೊಡ್ಡ ಸರಕಾರಿ ಅಧಿಕಾರಿ. ಕಮಲಾದೇವಿಗೆ ಏಳು ವರ್ಷ ಅಪ್ಪಗ ಅವು ಮರಣಪತ್ರ ಬರೆಯದ್ದೆ ತೀರಿಹೋದವು. ಆಸ್ತಿ ಪೂರಾ ಅವರ ಮದಲಾಣ ಹೆಂಡತಿಯ ಮಗಂಗೆ ಹೋತು. ಅಬ್ಬೆ ಗಿರಿಜಾಬಾಯಿಗೆ ಜೀವನಾಂಶ ಮಾಂತ್ರ. ಅವು ಅದುದೆ ಬೇಡ ಹೇಳಿದವು. ಹಿಂದೂ ಉತ್ತರಾಧಿಕಾರ ಕಾಯಿದೆ ಬಪ್ಪಲೆ 1956 ಆಯೆಕ್ಕಾತು.

ಆ ಮನೆಯ ಕೂಸು ದೊಡ್ಡಾಗಿ ಸ್ವಾತಂತ್ರ್ಯ ಹೋರಾಟಲ್ಲಿ ಜೈಲಿಂಗೆ ಹೋತು. ಸ್ವಾತಂತ್ರ್ಯ ಸಿಕ್ಕಿದ ಮತ್ತೆ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಪ್ಪಗ ಅದರ ಮುಂದಾಳು ಆದವು. ಕಂಚುಗಾರ, ಕುಂಬಾರ, ನೇಕಾರರ ಹಳ್ಳಿ ಹಳ್ಳಿಗೆ ಹೋಗಿ, ಅವು ಮಾಡಿದ್ದರ ಪೇಟೆಗೆ ಮುಟ್ಟುಸುವ ಏರ್ಪಾಡು ಮಾಡಿದವು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಕಟ್ಟಿದವರಲ್ಲಿಯುದೆ ಅವು ಇದ್ದವು. ಪೈಸೆ ಇಲ್ಲದ್ದೆ ಕೈಕೆಲಸ ಒಳಿಯ, ಬರೀ ಹೊಗಳಿಕೆಲಿ ಒಲೆ ಹೊತ್ತುತ್ತಿಲ್ಲೆ ಹೇಳ್ತದರ ಅವು ಮಾಡಿ ತೋರ್ಸಿದವು.

ಇಷ್ಟೆಲ್ಲ ತಲೆಲಿ ತುಂಬುಸಿಗೊಂಡು ಕಳುದ ವಾರ ತಮ್ಮನ ಮಗಳ ಕೋಣಗೆ ಹೋದೆ. ಎರಡು ವರ್ಷಲ್ಲಿ ಒಂದರಿಯುದೆ ಹೋಗಿತ್ತಿದ್ದಿಲ್ಲೆ. ಆ ದಿನ ಹೊತ್ತೋಪಗಾಣ ವರೆಗೆ ಕೂದು ನೋಡಿದೆ. ತಗಡಿನ ಮೇಲೆ ಹಿಂಗಾರದ ಚಿತ್ರ ಬರೆತ್ತು. ಕೂದಲಿನಷ್ಟು ಸಪುರದ ಗರಗಸಲ್ಲಿ ಕತ್ತರಿಸುತ್ತು. ಎರಡು ಗೆರೆ ಕತ್ತರಿಸುವಷ್ಟರಲ್ಲಿ ಒಂದು ಎಲಗು ತುಂಡಾತು. ಸುತ್ತಿಗೆಲಿ ತಟ್ಟಿ ತಟ್ಟಿ ಅಪ್ಪಗ ಲೋಹ ಬೆರಟಿ ಗಟ್ಟಿ ಆವುತ್ತು, ಹಾಂಗೇ ತಟ್ಟಿರೆ ಒಡೆತ್ತು. ಅದಕ್ಕೆ ಕಿಚ್ಚಿಲಿ ಕೆಂಪು ಮಾಡಿ ಮೆಸ್ತಂಗೆ ಮಾಡೆಕ್ಕು, ತಣುದ ಮತ್ತೆ ಪುನಾ ತಟ್ಟೆಕ್ಕು. ಬಿಳಿಗಾರ ಕಿಟ್ಟಿ ಬೆಸುಗೆ. ಅರಲ್ಲಿ ಉದ್ದುದು. ಹುಳಿನೀರಿಲಿ ಕಪ್ಪು ತೆಗವದು. ಅಕೇರಿಗೆ ಅಂಟುವಾಳ ಕಾಯಿಯ ನೊರೆಲಿ ತಿಕ್ಕುದು. ಮದಲಾಣ ಆಚಾರಿಗಳುದೆ ಅಂಟುವಾಳಲ್ಲೇ ತೊಳಗು. ಉದಿಯಪ್ಪಗ ಒಂಬತ್ತಕ್ಕೆ ಕೂದ್ದು, ಜೋಡಿ ಓಲೆ ಮುಗಿವಗ ಸಾಯಂಕಾಲ ನಾಕು. ಅದರ ಹೆಬ್ಬೆರಳಿಲಿ ಎರಡು ಗಾಯದ ಕಲೆ.

800 ರೂಪಾಯಿಲಿ ಹಿತ್ತಾಳೆ, ಗ್ಯಾಸು, ಎಲಗು, ಬಾಡಿಗೆ ಎಲ್ಲ ಕಳದು ಕೂಲಿ ಎಷ್ಟು ಒಳಿತ್ತು ಹೇಳಿ ಎಂಗೊ ಇಬ್ರು ಕೂದು ಲೆಕ್ಕ ಹಾಕಿದೆಯೊ. ತೋಟಕ್ಕೆ ಬಪ್ಪ ಆಳಿಂಗೆ ನಾವು ಕೊಡುವದರ ಅರ್ಧವುದೆ ಇಲ್ಲೆ.

"ಜೆಂಬ್ರಲ್ಲಿ ಆನುದೆ ನೆಗೆ ಮಾಡಿದೆ, ತಪ್ಪಾತು" ಹೇಳಿದೆ. ಕೂಸು ಉತ್ತರ ಕೊಟ್ಟಿದಿಲ್ಲೆ. ಅರವ ಅತ್ತಿತ್ತೆ ಮಡುಗಿತ್ತು.

ಆನು ಚೀಲಂದ ಒಂದು ತಾಮ್ರದ ಚೆಂಬು ತೆಗದೆ. ಗುಜಿರಿಗೆ ಕೊಡದ್ದೆ ಹೇಂಗೋ ಒಳುದ ಅತ್ತೆಯ ಚೆಂಬು, ಅಡಿ ಒಟ್ಟೆ ಆಯಿದು. "ಇದರ ಬಗಲಿನ ತಗಡಿಲಿ ಎನಗೊಂದು ಜೋಡಿ ಓಲೆ, ಅಕ್ಕಂಗೊಂದು ಜೋಡಿ ಮಾಡಿ ಕೊಡು. ತಾಮ್ರ ಎನ್ನದು. ಕೂಲಿ ನೀನು ಹೇಳಿದಷ್ಟು." ಅದು ತಕ್ಕಡಿಲಿ ಚೆಂಬಿನ ತೂಗಿ, ಪುಸ್ತಕಲ್ಲಿ ಒಂದು ಸಾಲಿಲಿ ತಾಮ್ರದ ತೂಕ ಬರದತ್ತು, ಅದರ ಕೆಳ ಇನ್ನೊಂದು ಸಾಲಿಲಿ ಕೂಲಿ ಬರದತ್ತು. ಅಕ್ಕನ ಸರದ ಕೊಂಡಿಯುದೆ ನೋಡ್ತೆ, ತಂದು ಕೊಡಿ ಹೇಳಿದ್ದು.

ಅಕ್ಕಂದ್ರೆ, ಅತ್ತಿಗೆಕ್ಕಳೆ, ನಿಂಗಳ ಅಟ್ಟಲ್ಲಿಯುದೆ ಒಡಕ್ಕು ಚೆಂಬೋ, ಮೂತಿ ಸಡಿಲ ಆದ ಗಿಂಡಿಯೋ ಇಕ್ಕು. ಗುಜಿರಿಯವನ ದೆನುಗೇಳುವ ಮದಲು ಅದರ ಒಂದರಿ ಕೈಲಿ ಹಿಡುದು ನೋಡಿ. ಕೈಲಿ ಮಾಡಿದ ಓಲೆಯ ಕ್ರಯ ಕೇಳಿದರೆ, ಎಷ್ಟು ಗ್ರಾಂ ಹೇಳಿ ಕೇಳುವ ಮದಲು ಎಷ್ಟು ಹೊತ್ತು ಬೇಕಾತು ಹೇಳಿ ಕೇಳಿ. ತೆಕ್ಕೊಂಬಲೆ ಎಡಿಯದ್ದರೆ ಬೇಡ. ನೆಗೆ ಮಾಡದ್ದರೆ ಸಾಕು.

ಕೋಣೆಯ ಬಾಡಿಗೆ ಈ ತಿಂಗಳುದೆ ಕೊಟ್ಟಿದು ಕೂಸು. ಬಪ್ಪ ತಿಂಗಳಿಂದು ನೋಡೆಕ್ಕಷ್ಟೆ.