ಲಾಳಿ ಮುಟ್ಟಬಾರದ ಬಾಯಿ

ಮುಂಬಯಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ. ಗೇಟ್‌ವೇ ನೋಡಿದೆವು, ಮರೀನ್ ಡ್ರೈವ್ ನೋಡಿದೆವು, ಚೌಪಾಟಿಯಲ್ಲಿ ಭೇಲ್ ತಿಂದೆವು ಅಂತಾರೆ. ತಪ್ಪೇನಿಲ್ಲ, ಸಮುದ್ರ ಎಲ್ಲರದು. ಆದರೆ ಆ ಊರನ್ನು ಬೆವರು ಸುರಿಸಿ ಕಟ್ಟಿದವರ ಓಣಿಗಳಲ್ಲಿ ಪ್ರವಾಸಿಗಳ ಬಸ್ಸು ನಿಲ್ಲುವುದಿಲ್ಲ. ಅಲ್ಲೇನಿದೆ ನೋಡೋಕೆ ಅನ್ನುವವರಿಗೆ ನಾವು ಹೇಳುವುದಿಷ್ಟು: ಪರೇಲಿನಿಂದ ವರ್ಲಿಗೆ, ವರ್ಲಿಯಿಂದ ದಾದರಿನ ಕಡಲಿಗೆ ಒಂದು ದಿನ ನಡೆಯಿರಿ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ನಿಮ್ಮ ಜೊತೆ ಬರುತ್ತದೆ. ಯಾರ ಬಾಯಿ ಯಾವುದನ್ನು ಮುಟ್ಟಬಹುದು?

ಪರೇಲಿನಲ್ಲಿ ಮೊದಲು ಬಿಐಟಿ ಚಾಳಕ್ಕೆ ಹೋಗಬೇಕು. 1896ರ ಪ್ಲೇಗು ಊರನ್ನು ನಡುಗಿಸಿದ ಮೇಲೆ ಬ್ರಿಟಿಷರು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ಅದು ಕಟ್ಟಿಸಿದ ಚಾಳಗಳಲ್ಲಿ ಇದೂ ಒಂದು. ಎರಡನೇ ಮಹಡಿಯ 50 ಮತ್ತು 51ನೇ ನಂಬರಿನ ಕೋಣೆಗಳಲ್ಲಿ ಬಾಬಾಸಾಹೇಬರು ಸುಮಾರು ಎರಡು ದಶಕ ಸಂಸಾರ ಮಾಡಿದರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ಮರಳಿ ಬಂದದ್ದು ಈ ಮೆಟ್ಟಿಲುಗಳಿಗೇ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಅವರ ಮನೆ ಇದೇ ಚಾಳದಲ್ಲಿತ್ತು.

ಚಾಳದ ಸುತ್ತಮುತ್ತ ಬಟ್ಟೆ ಗಿರಣಿಗಳಿದ್ದವು. ಗಿರಣಿಯಲ್ಲಿ ಜಾತಿ ಇರಲ್ಲ, ಯಂತ್ರಕ್ಕೆ ಮಡಿಮೈಲಿಗೆ ಗೊತ್ತಿಲ್ಲ ಅಂತ ಪುಸ್ತಕ ಓದಿದವರು ವಾದಿಸುತ್ತಾರೆ. ಹಾಗಾದರೆ ಈ ಚರಿತ್ರೆ ಕೇಳಿ. ಮಗ್ಗದ ಲಾಳಿಯಲ್ಲಿ ನೂಲು ಮುಗಿದಾಗ ನೇಕಾರ ಹೊಸ ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯರ ಎಂಜಲು ತಾಗಿದ ಲಾಳಿಗೆ ನಾವು ಬಾಯಿ ಇಡುವುದಿಲ್ಲ ಅಂದರು ಮೇಲ್ಜಾತಿಯ ಕಾರ್ಮಿಕರು. ಹೀಗಾಗಿ ಕೂಲಿ ಹೆಚ್ಚಿದ್ದ ನೇಯುವ ವಿಭಾಗದ ಬಾಗಿಲು ದಲಿತರಿಗೆ ಮುಚ್ಚಿತು. ಕೂಲಿ ಕಡಿಮೆ ಇದ್ದ ನೂಲುವ ವಿಭಾಗವೇ ಅವರ ಪಾಲಿಗೆ ಬಂತು. ಕುಡಿಯುವ ನೀರೂ ಬೇರೆ. ಊರಿನ ಬಾವಿ ರೈಲು ಹತ್ತಿ ಗಿರಣಿಯೊಳಕ್ಕೆ ಬಂದಿತ್ತು!

1928ರ ದೊಡ್ಡ ಮುಷ್ಕರ ಆರು ತಿಂಗಳು ನಡೆಯಿತು. ನೇಯುವ ವಿಭಾಗದಲ್ಲಿ ನಮ್ಮವರಿಗೂ ಜಾಗ ಬೇಕು ಅಂತ ಅಂಬೇಡ್ಕರ್ ಕಾರ್ಮಿಕ ಮುಖಂಡರ ಮುಂದೆಯೇ ಪಟ್ಟು ಹಿಡಿದರು. ಮಾಲೀಕನ ವಿರುದ್ಧ ಒಂದಾಗೋಣ ಅನ್ನುವವರು ಮೊದಲು ಲಾಳಿಯ ಮಾತು ಆಡಲಿ ಅನ್ನುವುದೇ ಅವರ ಪ್ರಶ್ನೆಯ ತಿರುಳು. ಆ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ.

ಈ ಓಣಿಗಳಲ್ಲಿ ಊಟ ಅಂದರೆ ಖಾನಾವಳಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಹೆಂಗಸರು ತಮ್ಮ ಒಂದೇ ಕೋಣೆಯಲ್ಲಿ ಅಡುಗೆ ಮಾಡಿ ಬಡಿಸಿದರು. ಸಾಲಕ್ಕೆ ಸಾವುಕಾರನ ಮುಂದೆ ಕೈಯೊಡ್ಡುತ್ತಿದ್ದ ಈ ತಾಯಂದಿರು 1975ರಲ್ಲಿ ಪ್ರೇಮಾ ಪುರವ್ ಅವರ ಜೊತೆ ಸೇರಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಜನ ಬೀದಿಯಲ್ಲಿ ವಡಾಪಾವ್ ಬಂಡಿ ಇಟ್ಟು ಬದುಕಿದರು. ಇವತ್ತು ನಾವು ರುಚಿ ರುಚಿ ಅಂತ ತಿನ್ನುವ ವಡಾಪಾವಿನಲ್ಲಿ ಆ ಸೋಲಿನ ಖಾರವೂ ಇದೆ.

ಪರೇಲಿನಿಂದ ಪಶ್ಚಿಮಕ್ಕೆ ನಡೆದರೆ ವರ್ಲಿಯ ಬಿಡಿಡಿ ಚಾಳಗಳು. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಒಂದೊಂದು ಕಟ್ಟಡದಲ್ಲಿ ಎಂಬತ್ತು ಕೋಣೆ. ಒಂದು ಕೋಣೆ ಸುಮಾರು 160 ಚದರಡಿ. 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ 1974ರ ಜನವರಿ 5ರಂದು ಇಲ್ಲಿ ಸಭೆ ನಡೆಸಿತು. ಕಲ್ಲು ಬಿದ್ದವು, ಪೊಲೀಸರ ಲಾಠಿ ಬಿತ್ತು, ಗಲಭೆ ವಾರಗಟ್ಟಲೆ ನಡೆಯಿತು. ಜನವರಿ 10ರಂದು ಪ್ರತಿಭಟನೆಯ ಮೆರವಣಿಗೆಯಲ್ಲಿದ್ದ ಭಾಗವತ್ ಜಾಧವ್ ತಲೆಯ ಮೇಲೆ ಅರೆಯುವ ಕಲ್ಲನ್ನು ಎತ್ತಿಹಾಕಿ ಕೊಂದರು. ಅನ್ನಕ್ಕೆ ರುಚಿ ಕೊಡುವ ಕಲ್ಲು ಜಾತಿಯ ಕೈಗೆ ಸಿಕ್ಕರೆ ಏನಾಗುತ್ತದೆ, ನೋಡಿ. ಅದಕ್ಕೆ ಹಿಂದಿನ ವರ್ಷ, 1973ರಲ್ಲಿ, ನಮ್ಮಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ದಲಿತ ವಿದ್ಯಾರ್ಥಿಗಳು ಏಟು ತಿಂದಿದ್ದರು. ಎರಡು ನಾಡು, ಒಂದೇ ಕಲ್ಲು.

ಈಗ ಆ ಚಾಳಗಳನ್ನು ಕೆಡವುತ್ತಿದ್ದಾರೆ. 2021ರಲ್ಲಿ ಮರುನಿರ್ಮಾಣ ಶುರುವಾಗಿ, 2025ರ ಆಗಸ್ಟಿನಲ್ಲಿ ವರ್ಲಿಯ 556 ಕುಟುಂಬಗಳಿಗೆ ಎತ್ತರದ ಕಟ್ಟಡಗಳಲ್ಲಿ ಹೊಸ ಮನೆಯ ಬೀಗದಕೈ ಸಿಕ್ಕಿತು. ನಮಗೆ ಸಂತೋಷವೇ. 160 ಚದರಡಿಯ ಬದುಕನ್ನು ಹೊಗಳಿ ಹಾಡುವ ಹುಚ್ಚು ನಮಗಿಲ್ಲ. ಆದರೆ ಗೋಡೆ ಬಿದ್ದಾಗ ಗೋಡೆಯ ಮಾತೂ ಮಣ್ಣಾಗಬಾರದು. ಗಿರಣಿಗಳ ಜಾಗದಲ್ಲಿ ಅಂಗಡಿ ಮಾಳಿಗೆಗಳು ಎದ್ದಿವೆ. ಲಾಳಿಯ ಕತೆ ಅಲ್ಲಿ ಯಾರು ಹೇಳುತ್ತಾರೆ?

ನಡಿಗೆ ಮುಗಿಯುವುದು ದಾದರಿನ ಕಡಲ ದಂಡೆಯಲ್ಲಿ. 1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ದೇಹಕ್ಕೆ ಬೆಂಕಿ ಇಟ್ಟದ್ದು ಇಲ್ಲೇ. ಈಗ ಅದು ಚೈತ್ಯಭೂಮಿ. ಪ್ರತಿ ಡಿಸೆಂಬರ್ 6ಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ನಮ್ಮ ಕಲಬುರ್ಗಿ, ವಿಜಯಪುರದ ಕಡೆಯಿಂದಲೂ ರೈಲು ಹತ್ತುತ್ತಾರೆ. ಪಕ್ಕದ ಶಿವಾಜಿ ಪಾರ್ಕಿನಲ್ಲಿ ಸ್ವಯಂಸೇವಕರು ಅನ್ನ ನೀರು ಹಂಚುತ್ತಾರೆ. ತಗೊಳ್ಳುವವರ ಜಾತಿಯನ್ನು ಯಾರೂ ಕೇಳುವುದಿಲ್ಲ. ಉಂಡ ಜನ ಕೈ ತೊಳೆದು ಪುಸ್ತಕದ ಅಂಗಡಿಗಳ ಮುಂದೆ ಮುಗಿಬೀಳುತ್ತಾರೆ. ಕೂಲಿಯಲ್ಲಿ ಉಳಿಸಿದ ದುಡ್ಡಿಗೆ ಪುಸ್ತಕ ಕೊಂಡು ಸೆರಗಿನಲ್ಲಿ, ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ.

ಮೇಷ್ಟ್ರುಗಳೇ, ಮಕ್ಕಳನ್ನು ಮುಂಬಯಿಗೆ ಪ್ರವಾಸ ಕರಕೊಂಡು ಹೋದರೆ ಗೇಟ್‌ವೇ ತೋರಿಸಿ, ಬೇಡ ಅನ್ನುವುದಿಲ್ಲ. ಆಮೇಲೆ ಪರೇಲಿನ ಆ ಎರಡು ಕೋಣೆಗಳ ಮುಂದೆ ನಿಲ್ಲಿಸಿ ಲಾಳಿಯ ಕತೆ ಹೇಳಿ.