ಲಿಲಿಯ ಓಟ, ರೋಸಲೀನಳ ಸಹಿ

1964ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ. ಸೌತ್ ಕೆರೊಲಿನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ರೋಸಲೀನ್ ಎಂಬ ಕಪ್ಪು ಹೆಂಗಸು ಅದನ್ನು ಟೆಲಿವಿಷನ್ನಿನಲ್ಲಿ ನೋಡುತ್ತಾಳೆ. ಅವಳು ಕೂಡ ಸಹಿಯನ್ನೇ ಅಭ್ಯಾಸ ಮಾಡುತ್ತಿದ್ದಾಳೆ. ಹಾಳೆಯ ಮೇಲೆ ತನ್ನ ಹೆಸರನ್ನು ಮತ್ತೆ ಮತ್ತೆ ಬರೆದು, ಮತದಾರರ ಪಟ್ಟಿಗೆ ಸೇರಲು ಹೊರಡುತ್ತಾಳೆ. ದಾರಿಯಲ್ಲಿ ಮೂವರು ಬಿಳಿಯರು ಅವಮಾನಿಸಿದಾಗ, ತಾನು ತಂಬಾಕು ಉಗುಳಿಕೊಳ್ಳುವ ಪಾತ್ರೆಯನ್ನು ಅವರ ಬೂಟುಗಳ ಮೇಲೆ ನಿಧಾನವಾಗಿ ಸುರಿಯುತ್ತಾಳೆ. ಹೊಡೆತ, ಬಂಧನ, ಜೈಲಿನೊಳಗೆ ಮತ್ತೆ ಹೊಡೆತ.

ಜಾನ್ಸನ್ನನ ಸಹಿ ಚರಿತ್ರೆಗೆ ಸೇರಿದ್ದು, ರೋಸಲೀನಳದು ಕಾದಂಬರಿಗೆ. ಸ್ಯೂ ಮಾಂಕ್ ಕಿಡ್ ಎಂಬ ಬಿಳಿಯ ಲೇಖಕಿ ಬರೆದ 'ದಿ ಸೀಕ್ರೆಟ್ ಲೈಫ್ ಆಫ್ ಬೀಸ್' 2001ರಲ್ಲಿ ಬಂತು. ಜೇನ್ನೊಣಗಳ ಗುಟ್ಟಿನ ಬದುಕು ಅಂತ ಕನ್ನಡದಲ್ಲಿ ಹೇಳಿಕೊಳ್ಳಬಹುದು. ಅಲ್ಲಿನ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ಇದನ್ನು ಓದಿಸುತ್ತಾರೆ. 2008ರಲ್ಲಿ ಸಿನಿಮಾನೂ ಆಯಿತು. ಆದರೆ ಕಾದಂಬರಿ ರೋಸಲೀನಳದಲ್ಲ. ಕಥೆ ಹೇಳುವವಳು ಹದಿನಾಲ್ಕು ತುಂಬುವ ಬಿಳಿ ಹುಡುಗಿ ಲಿಲಿ. ಅವಳ ತಂದೆ ಟಿ. ರೇ ಪೀಚ್ ಹಣ್ಣಿನ ತೋಟದ ಯಜಮಾನ. ಮಗಳು ತಪ್ಪು ಮಾಡಿದಳು ಅಂತ ಅವನಿಗೆ ಅನ್ನಿಸಿದರೆ ಸಾಕು, ನೆಲದ ಮೇಲೆ ಜೋಳದ ನುಚ್ಚು ಸುರಿದು ಅದರ ಮೇಲೆ ಬರಿ ಮೊಣಕಾಲೂರಿಸುತ್ತಾನೆ. ತಾಯಿ ಸತ್ತದ್ದು ಲಿಲಿಗೆ ನಾಲ್ಕು ವರ್ಷವಿದ್ದಾಗ. ಬಂದೂಕು ಹಾರಿದ್ದು ನಿನ್ನ ಕೈಯಿಂದಲೇ ಎಂದು ಅವಳ ತಲೆಗೆ ತುಂಬಿದ್ದಾನೆ. ಲಿಲಿ ಮನೆ ಬಿಟ್ಟು ಓಡುತ್ತಾಳೆ. ಓಡುವಾಗ ಆಸ್ಪತ್ರೆಯಲ್ಲಿ ಪೋಲೀಸ್ ಕಾವಲಿನಲ್ಲಿದ್ದ ರೋಸಲೀನಳನ್ನೂ ಉಪಾಯದಿಂದ ಬಿಡಿಸಿಕೊಂಡು ಹೋಗುತ್ತಾಳೆ. ಇಬ್ಬರೂ ಟಿಬ್ಯುರಾನ್ ಎಂಬ ಊರಿನಲ್ಲಿ ಜೇನು ಸಾಕುವ ಮೂವರು ಕಪ್ಪು ಅಕ್ಕತಂಗಿಯರ ಮನೆ ಸೇರುತ್ತಾರೆ.

ಒಂದೇ ದಾರಿಯಲ್ಲಿ ಎರಡು ಹಿಂಸೆಗಳು ನಡೆದು ಹೋಗುತ್ತಿವೆ. ಒಂದು ಮನೆಯೊಳಗಿನದು, ಒಂದು ಬೀದಿಯದು. ಆ ಕಾಲದ ಸರಕಾರಕ್ಕೆ ಮೊದಲನೆಯದು ಆಗ ತಾನೇ ಕಣ್ಣಿಗೆ ಬೀಳುತ್ತಿತ್ತು. ಮನೆಯಲ್ಲಿ ಹೊಡೆತ ತಿಂದ ಮಕ್ಕಳ ಬಗ್ಗೆ ಹೆನ್ರಿ ಕೆಂಪ್ ಮತ್ತು ಸಂಗಡಿಗ ವೈದ್ಯರು ಹೆಸರಾಂತ ಲೇಖನ ಪ್ರಕಟಿಸಿದ್ದು 1962ರಲ್ಲಿ. 1967ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಅಂಥ ಪ್ರಕರಣಗಳನ್ನು ವರದಿ ಮಾಡಬೇಕೆಂಬ ಕಾನೂನು ಬಂದಿತ್ತು. ಲಿಲಿ ಓಡಿದ್ದು ಇವೆರಡರ ನಡುವೆ. ಇನ್ನು ರೋಸಲೀನ್? ಅವಳು ಮೊದಲು ತೋಟದಲ್ಲಿ ಹಣ್ಣು ಕೀಳುತ್ತಿದ್ದವಳು, ಆಮೇಲೆ ಮನೆಕೆಲಸಕ್ಕೆ ಬಂದವಳು. 1935ರ ಸಾಮಾಜಿಕ ಭದ್ರತಾ ಕಾಯ್ದೆಯೂ 1938ರ ಕನಿಷ್ಠ ಕೂಲಿಯ ಕಾಯ್ದೆಯೂ ಸರಿಯಾಗಿ ಈ ಎರಡೇ ಕಸುಬಿನವರನ್ನು ಹೊರಗಿಟ್ಟವು: ಹೊಲಗೆಲಸದವರು ಮತ್ತು ಮನೆಕೆಲಸದವರು. ದಕ್ಷಿಣದ ಕಪ್ಪು ಜನ ಬಹುಪಾಲು ಇದ್ದದ್ದೇ ಅಲ್ಲಿ. ಕಾಯ್ದೆಯಲ್ಲಿ ಬಣ್ಣದ ಹೆಸರೆತ್ತುವ ಅಗತ್ಯವೇ ಬೀಳಲಿಲ್ಲ, ಕಸುಬಿನ ಹೆಸರು ಸಾಕಾಯಿತು. ಕಸುಬಿನ ಹೆಸರಿಂದಲೇ ಮನುಷ್ಯನನ್ನು ಅಳೆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನಿಷ್ಠ ಕೂಲಿ ಮನೆಕೆಲಸದವರಿಗೆ ದಕ್ಕಿದ್ದು 1974ರಲ್ಲಿ.

ಕಾದಂಬರಿಯ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಲಿಲಿ ಮತ್ತು ರೋಸಲೀನ್ ಒಟ್ಟಿಗೇ ಜೈಲಿಗೆ ಹೋಗುತ್ತಾರೆ. ಟಿ. ರೇ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾನೆ, ರೋಸಲೀನ್ ಒಳಗೇ ಉಳಿಯುತ್ತಾಳೆ. ಮಗಳನ್ನು ಹಿಂಸಿಸುವ ಅದೇ ತಂದೆಯೇ ಆ ಹೊತ್ತಿನಲ್ಲಿ ಅವಳ ಜಾಮೀನು. ಬಿಳಿಯ ಮನೆಯೊಳಗೆ ಹುಡುಗಿಗೆ ಎಷ್ಟೇ ನರಕವಿರಲಿ, ಆ ಮನೆಯ ಹೆಸರು ಬೀದಿಯಲ್ಲಿ ಅವಳನ್ನು ಕಾಯುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು, "ಸಾರ್, ಆ ಕೆಲಸದಾಕೆಗೂ ಒಂದು ಮನೆ ಇತ್ತಲ್ವಾ? ಆ ಮನೆ ಏನಾಯ್ತು?" ಅಂತ ಕೇಳಿದಳು. ಇತ್ತು. ಕಾಡಿನ ಅಂಚಿನಲ್ಲಿ ಒಂಟಿಯಾಗಿದ್ದ ಸಣ್ಣ ಮನೆ. ಲೇಖಕಿ ಅದನ್ನು ಹೇಳಿ ಮುಂದೆ ಹೋಗುತ್ತಾಳೆ. ಲಿಲಿ ಬಿಟ್ಟ ಮನೆ ಇಡೀ ಪುಸ್ತಕವನ್ನು ತುಂಬಿದೆ. ರೋಸಲೀನ್ ಬಿಟ್ಟ ಮನೆಗೆ ಕಿಟಕಿ ಬಾಗಿಲು ಕೂಡ ಇಲ್ಲ.

ಇದು ಒಬ್ಬ ಲೇಖಕಿಯ ಮರೆವಲ್ಲ, ಹಳೆಯ ಅಭ್ಯಾಸ. ಒಡೆಯರ ಮಕ್ಕಳನ್ನು ಎದೆಗವಚಿ ಸಾಕುವ, ತನ್ನದೆಂಬ ಸಂಸಾರವಿಲ್ಲದ, ಸದಾ ನಗುವ ಕಪ್ಪು ದಾದಿಯನ್ನು ಅಮೆರಿಕದ ಬಿಳಿಯರು 'ಮ್ಯಾಮಿ' ಎಂದು ಕರೆದು ಪೂಜಿಸಿದರು. 1922ರಲ್ಲಿ, ಕಪ್ಪು ಜನರನ್ನು ಗುಂಪುಗಳು ಕೊಲ್ಲುವುದರ ವಿರುದ್ಧದ ಡೈಯರ್ ಮಸೂದೆ ಸೆನೆಟ್ಟಿನಲ್ಲಿ ದಕ್ಷಿಣದ ಸದಸ್ಯರ ಅಡ್ಡಿಯಿಂದ ಸತ್ತಿತು. ಮರುವರ್ಷ, 1923ರಲ್ಲಿ, ಅದೇ ಸೆನೆಟ್ ರಾಜಧಾನಿಯಲ್ಲಿ 'ಮ್ಯಾಮಿ'ಗೊಂದು ಸ್ಮಾರಕ ಕಟ್ಟಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಜೀವ ಉಳಿಸುವ ಕಾನೂನು ಬೇಡ, ಕಲ್ಲಿನ ಪ್ರತಿಮೆ ಬೇಕು! ಕಪ್ಪು ಹೆಂಗಸರು ತಿರುಗಿಬಿದ್ದರು. ಮಸೂದೆ ಕೆಳಮನೆಯಲ್ಲಿ ಪಾಸಾಗಲಿಲ್ಲ.

ಕಿಡ್‌ಳ ರೋಸಲೀನ್ ಈ ಅಚ್ಚಿನಿಂದ ಅರ್ಧ ಹೊರಗೆ ಬಂದವಳು. ತಂಬಾಕಿನ ಉಗುಳು ಸುರಿಯುವ ಹೆಂಗಸು ಪ್ರತಿಮೆಯಾಗುವವಳಲ್ಲ. ಆದರೆ ಟಿಬ್ಯುರಾನ್ ತಲುಪಿದ ಮೇಲೆ ಅವಳ ಸಿಟ್ಟು ಅಡಿಗೆಮನೆಯೊಳಗೆ ಕರಗುತ್ತದೆ. ಜೇನಿನ ಮನೆಯ ಹಿರಿಯಳಾದ ಆಗಸ್ಟ್ ಒಂದು ಕಾಲಕ್ಕೆ ಲಿಲಿಯ ತಾಯಿಯನ್ನೇ ದಾದಿಯಾಗಿ ಸಾಕಿದವಳು ಅಂತ ಕೊನೆಗೆ ಗೊತ್ತಾಗುತ್ತದೆ. ಎರಡು ತಲೆಮಾರಿನ ಬಿಳಿ ಹೆಣ್ಣುಮಕ್ಕಳ ದುಃಖಕ್ಕೆ ಕಪ್ಪು ಮಡಿಲು. ಆ ಮನೆಯಲ್ಲಿ ಇದನ್ನು ಒಪ್ಪದವಳು ಒಬ್ಬಳೇ, ನಡುವಿನ ತಂಗಿ ಜೂನ್. ಬಿಳಿ ಹುಡುಗಿ ಇಲ್ಲಿ ಯಾಕಿರಬೇಕು ಅನ್ನುವುದು ಅವಳ ತಕರಾರು. ನನಗೆ ಇಡೀ ಪುಸ್ತಕದಲ್ಲಿ ಅವಳೇ ವಿಮರ್ಶಕಿ ಅನ್ನಿಸಿದಳು. ಲೇಖಕಿ ಅವಳನ್ನು ಬಿಸಿಲಿನ ಒಂದು ದಿನ ನೀರೆರಚಾಟದಲ್ಲಿ ನಗಿಸಿ ಒಪ್ಪಿಸಿಬಿಡುತ್ತಾಳೆ. ಪ್ರಶ್ನೆ ಒದ್ದೆಯಾಯಿತು, ಉತ್ತರ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ಬಿಟ್ಟುಹೋದ ಜಾಗ ಚರಿತ್ರೆಯದು. ರೋಸಲೀನ್ ಒಬ್ಬಳೇ ಕೂತು ಹೆಸರು ಬರೆಯುವುದನ್ನು ಕಲಿಯುತ್ತಾಳೆ, ಒಬ್ಬಳು ಹುಡುಗಿಯನ್ನು ಜೊತೆ ಮಾಡಿಕೊಂಡು ಹೊರಡುತ್ತಾಳೆ. ಅದೇ ಸೌತ್ ಕೆರೊಲಿನಾದಲ್ಲಿ ಹೆಸರು ಬರೆಯುವುದು ಏಳು ವರ್ಷದ ಹಿಂದೆಯೇ ಒಂದು ಚಳವಳಿಯಾಗಿತ್ತು. ಚಾರ್ಲ್‌ಸ್ಟನ್‌ನ ಸೆಪ್ಟಿಮಾ ಕ್ಲಾರ್ಕ್ ಗುಲಾಮಗಿರಿಯಲ್ಲಿ ಹುಟ್ಟಿದವನ ಮಗಳು, ಶಾಲಾ ಶಿಕ್ಷಕಿ. ಸರಕಾರಿ ನೌಕರರು ಕಪ್ಪು ಜನರ ಹಕ್ಕಿನ ಸಂಘಟನೆಯಾದ ಎನ್‌ಎಎಸಿಪಿಯಲ್ಲಿ ಇರಕೂಡದು ಎಂದು ರಾಜ್ಯ 1956ರಲ್ಲಿ ಕಾನೂನು ಮಾಡಿದಾಗ, ಆಕೆ ಸದಸ್ಯತ್ವ ಮುಚ್ಚಿಡಲು ಒಪ್ಪದೆ ಕೆಲಸ ಕಳೆದುಕೊಂಡಳು. ಪಿಂಚಣಿಯೂ ಹೋಯಿತು. 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ ಮೊದಲ 'ಪೌರತ್ವ ಶಾಲೆ' ಶುರುವಾಯಿತು. ಮುಂದೆ ದಿನಸಿ ಅಂಗಡಿ, ಬಿಳಿಯರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಕೋಣೆಯಲ್ಲಿ ಪಾಠ. ಕಲಿಸಿದವಳು ಬರ್ನಿಸ್ ರಾಬಿನ್ಸನ್, ಕಸುಬಿನಿಂದ ಕೇಶ ಶೃಂಗಾರದವಳು. ಮಕ್ಕಳ ಪಠ್ಯವನ್ನು ಪಕ್ಕಕ್ಕಿಟ್ಟು, ನಿಮಗೇನು ಕಲಿಯಬೇಕು ಅಂತ ಕೇಳಿದಳು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ತುಂಬಬೇಕು ಅಂದರು. ಅದೇ ಪಾಠಪಟ್ಟಿಯಾಯಿತು. ಆ ದ್ವೀಪದ ಈಸಾ ಜೆಂಕಿನ್ಸ್ ತನ್ನ ಬಸ್ಸಿನಲ್ಲಿ ಕೂಲಿಗೆ ಹೋಗುವವರಿಗೆ ರಾಜ್ಯ ಸಂವಿಧಾನದ ವಿಧಿಯನ್ನು ಓದಿ ಹೇಳುತ್ತಿದ್ದ. ಆಲಿಸ್ ವೈನ್ ಎಂಬಾಕೆ ಕೇಳಿ ಕೇಳಿಯೇ ಅದನ್ನು ಬಾಯಿಪಾಠ ಮಾಡಿದಳು. ಆದರೂ ನಿಜವಾಗಿ ಓದಲು ಕಲಿಯಬೇಕು ಅನ್ನುವ ಹಟ ಬಿಡಲಿಲ್ಲ.

ಯಾಕೆ ಸಂವಿಧಾನದ ವಿಧಿ? 1895ರಲ್ಲಿ ಸೌತ್ ಕೆರೊಲಿನಾ ಬರೆದುಕೊಂಡ ಸಂವಿಧಾನದ ಉದ್ದೇಶವೇ ಕಪ್ಪು ಜನರ ಮತ ಕಿತ್ತುಕೊಳ್ಳುವುದು. ಓದು ಬರಹ ಬರಬೇಕು, ಇಲ್ಲವೇ 300 ಡಾಲರಿನ ಆಸ್ತಿ ಇರಬೇಕು ಎಂದಿತು. ಓದು ಕೊಡದವರೇ ಓದಿನ ಪರೀಕ್ಷೆ ಇಟ್ಟರು! ನಮ್ಮಲ್ಲೂ ಇದೇ ವಾದ ಇತ್ತು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಂಬೇಡ್ಕರ್ ಅಸ್ಪೃಶ್ಯರಿಗೆ ಮತದ ಅರ್ಹತೆ ಇಳಿಸಬೇಕೆಂದು ಕೇಳಿದ್ದು, ಸೈಮನ್ ಆಯೋಗದ ಹೊತ್ತಿಗೆ ವಯಸ್ಕ ಮತದಾನವನ್ನೇ ಕೇಳಿದ್ದು ಈ ಬೇಲಿಯ ವಿರುದ್ಧ. 1946ರಲ್ಲಿ ಅವರು ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀಗ್ರೋ ಜನ ಕೊಟ್ಟ ಮನವಿಯ ಪ್ರತಿ ಕೇಳಿದ್ದು ಬರೀ ಕುತೂಹಲದಿಂದಲ್ಲ.

ಇನ್ನೊಂದು ಮಾತು. 1964ರ ಕಾಯ್ದೆ ಹೋಟೆಲು, ಸಿನಿಮಾ ಮಂದಿರಗಳ ಬಾಗಿಲು ತೆರೆಸಿತು. ಮತದ ವಿಚಾರದಲ್ಲಿ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದಿತೇ ಹೊರತು ಅಕ್ಷರ ಪರೀಕ್ಷೆಯನ್ನು ಕಿತ್ತುಹಾಕಲಿಲ್ಲ. ಅದನ್ನು ಸೌತ್ ಕೆರೊಲಿನಾದಂಥ ರಾಜ್ಯಗಳಲ್ಲಿ ತಡೆದದ್ದು 1965ರ ಆಗಸ್ಟ್ 6ರ ಮತದಾನ ಹಕ್ಕಿನ ಕಾಯ್ದೆ. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1966ರಲ್ಲಿ ಸೋತದ್ದೂ ಇದೇ ರಾಜ್ಯ. ಕಾದಂಬರಿಯಲ್ಲಿ ರೋಸಲೀನ್ ಅದಕ್ಕೆ ಮುಂಚೆಯೇ ಹೆಸರು ನೋಂದಾಯಿಸಿ ಬರುತ್ತಾಳೆ. ಅಷ್ಟು ಹೊಡೆತ ತಿಂದು ಹೊರಟ ಕೆಲಸ ಕೆಲವು ಸಾಲುಗಳಲ್ಲಿ ಮುಗಿಯುತ್ತದೆ. ಕೌಂಟರಿನ ಆಚೆ ಯಾರು ಕೂತಿದ್ದರು, ಏನು ಓದಿಸಿದರು? ಅವಳ ಮೇಲಿನ ಕೇಸು ನೋಡಿಕೊಳ್ಳುವವನೂ ಒಳ್ಳೆಯ ಮನಸ್ಸಿನ ಬಿಳಿ ವಕೀಲ. ಜ್ಯಾಕ್ ಎಂಬ ಕಪ್ಪು ಹುಡುಗ ವಕೀಲನಾಗುವ ಕನಸನ್ನು ಅವನ ಆಫೀಸಿನಲ್ಲೇ ಕಾಣುತ್ತಾನೆ. ಅದೇ ರಾಜ್ಯದಲ್ಲಿ ಮ್ಯಾಥ್ಯೂ ಪೆರ್ರಿ ಎಂಬ ಕಪ್ಪು ವಕೀಲ 1963ರಲ್ಲೇ ಕ್ಲೆಮ್ಸನ್ ಕಾಲೇಜಿನ ಬಾಗಿಲನ್ನು ಹಾರ್ವಿ ಗ್ಯಾಂಟ್ ಎಂಬ ವಿದ್ಯಾರ್ಥಿಗೆ ತೆರೆಸಿದ್ದ.

ಹಾಗಂತ ಪುಸ್ತಕವನ್ನು ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಕಪ್ಪು ಹೆಂಗಸು ತನಗಿಂತ ಜಾಣೆಯಾಗಿರಬಹುದು ಎಂಬುದು ತನಗೆ ಹೊಳೆದೇ ಇರಲಿಲ್ಲ ಅಂತ ಲಿಲಿ ಒಪ್ಪಿಕೊಳ್ಳುವ ಕಡೆ ಲೇಖಕಿ ಪ್ರಾಮಾಣಿಕಳು. ನನ್ನ ತಕರಾರು ಓಡುವ ಹಕ್ಕಿನ ಬಗ್ಗೆ. ಟೋನಿ ಮಾರಿಸನ್ನರ 'ದಿ ಬ್ಲೂಯೆಸ್ಟ್ ಐ' 1970ರಲ್ಲಿ ಬಂತು. ಅದರ ಪಿಕೋಲ ಕೂಡ ತಂದೆಯ ಹಿಂಸೆಗೆ ಸಿಕ್ಕ ಹುಡುಗಿ, ಆದರೆ ಕಪ್ಪು ಹುಡುಗಿ. ಅವಳಿಗೆ ಜೇನಿನ ಮನೆ ಇಲ್ಲ, ಓಡಲು ದಾರಿ ಇಲ್ಲ. ಓಡುವುದು ಹುಚ್ಚಿನೊಳಕ್ಕೆ ಮಾತ್ರ. ನಮ್ಮಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ-ತಿಮ್ಮಿಯರು ಓಡುವಾಗ ದಲಿತರೇ ಓಡುವವರು, ಯಾರ ಓಟಕ್ಕೂ ಜೊತೆಯಲ್ಲ. ಬರೆದವರು ಯಾವ ಜಾತಿ ಅಂತ ಕೇಳುವುದಕ್ಕೆ ನಮ್ಮ ವಿಮರ್ಶೆ ನಿಂತುಬಿಟ್ಟರೆ ಈ ವ್ಯತ್ಯಾಸ ತಪ್ಪಿಹೋಗುತ್ತದೆ. ಯಾರ ಕಾಲು ಓಡುತ್ತಿದೆ, ಯಾರ ಬೆನ್ನ ಮೇಲೆ ಗಂಟಿದೆ ಅಂತಲೂ ನೋಡಬೇಕು.

ಈಗ ನಾನು ಈ ಕಾದಂಬರಿಯನ್ನು ಪಾಠ ಮಾಡುವಾಗ ಜಾನ್ಸ್ ದ್ವೀಪದ ಅಂಗಡಿಯ ಹಿಂದಿನ ಕೋಣೆಯಿಂದ ಶುರುಮಾಡುತ್ತೇನೆ, ಆಮೇಲೆ ರೋಸಲೀನಳ ಹಾಳೆಗೆ ಬರುತ್ತೇನೆ. ಸೆಪ್ಟಿಮಾ ಕ್ಲಾರ್ಕ್ ಆಮೇಲೆ ಏನಾದಳು ಅಂತ ಹುಡುಗರು ಕೇಳುತ್ತಾರೆ. 1975ರಲ್ಲಿ ಆಕೆ ಚಾರ್ಲ್‌ಸ್ಟನ್‌ನ ಶಾಲಾ ಮಂಡಳಿಗೆ ಚುನಾಯಿತಳಾದಳು. ಮರುವರ್ಷ ರಾಜ್ಯ ಆಕೆಯ ಪಿಂಚಣಿಯನ್ನು ವಾಪಸು ಕೊಟ್ಟಿತು.