ಹಾಡಿನ ಕೊನೆಯ ನುಡಿ



ಕಳೆದ ಶ್ರಾವಣಮಾಸದಲ್ಲಿ ಬೆಂಗಳೂರಿನ ತ್ಯಾಗರಾಜನಗರದ ಭಕ್ತರೊಬ್ಬರ ಮನೆಗೆ ಶಿವಪೂಜೆಗಾಗಿ ಹೋಗಿದ್ದೆವು. ಪೂಜೆ, ಪ್ರಸಾದ ಮುಗಿದ ಬಳಿಕ ಮನೆಯವರು ಒಂದು ಬಿನ್ನಹ ಮಾಡಿಕೊಂಡರು. ಆ ದಿನ ಪ್ರವಚನದ ಬದಲು, ನೆರೆದವರೆಲ್ಲ ತಮಗೆ ಪ್ರಿಯವಾದ ಒಂದೊಂದು ಹಾಡನ್ನು ಹೇಳಬೇಕು. ಆ ಹಾಡಿನ ಹಿಂದಿನ ಕಥೆಯನ್ನೂ ತಿಳಿಸಬೇಕು ಎಂಬುದೇ ಆ ಬಿನ್ನಹ. ಹೆಸರಿನಲ್ಲಿಯೇ ವಾಗ್ಗೇಯಕಾರರೊಬ್ಬರನ್ನು ನೆನಪಿಗೆ ತರುವ ಆ ಬಡಾವಣೆಯಲ್ಲಿ ಇಂತಹ ಬಯಕೆ ಹುಟ್ಟಿದ್ದು ಸಹಜವೇ ಸರಿ. ನಾವು ಸಂತೋಷದಿಂದ ಒಪ್ಪಿದೆವು.

ಮೊದಲು ಮೈಸೂರಿನ ಕಡೆಯ ವೃದ್ಧರೊಬ್ಬರು ಹಳೆಯ ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ 'ಕಾಯೌ ಶ್ರೀಗೌರಿ'ಯನ್ನು ಹಾಡಿದರು. ಅವರ ತಂದೆ ಶಾಲೆಯಲ್ಲಿ ಕೈಮುಗಿದು ನಿಂತು ಹಾಡುತ್ತಿದ್ದ ಗೀತೆಯಂತೆ ಅದು. ಬರೆದವರು ಯಾರೆಂದು ಕೇಳಿದಾಗ ಮಾತ್ರ ಸಭೆ ಮೌನವಾಯಿತು. ಅದನ್ನು ರಚಿಸಿದವರು ಬಸವಪ್ಪ ಶಾಸ್ತ್ರಿಗಳು (1843-1891). ಮೈಸೂರು ಅರಮನೆಯ ಆಶ್ರಯದಲ್ಲಿದ್ದ ವೀರಶೈವ ಕವಿಗಳು; ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ'ರೆಂದು ಹೆಸರಾದವರು. ಒಂದು ಸಂಸ್ಥಾನವೇ ನಿತ್ಯ ಹಾಡುತ್ತಿದ್ದ ಗೀತೆಯ ಕರ್ತೃವನ್ನು ನಮ್ಮ ಸಮಾಜದವರೇ ಮರೆತಿದ್ದೇವೆಂದರೆ ಅದು ಯಾರ ತಪ್ಪು?

ಅನಂತರ ಗದಗಿನ ಕಡೆಯ ತಾಯಿಯೊಬ್ಬರು, ಚೆಲುವ ಕನ್ನಡನಾಡು ಉದಯಿಸಲೆಂದು ಹಾರೈಸುವ ಗೀತೆಯನ್ನು ಹಾಡಿದರು. ಅದರ ಕಥೆಯನ್ನು ಅವರೇ ಬಲ್ಲವರಾಗಿದ್ದರು. ಗದಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ಆ ಗೀತೆ 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತು. 11 ವರ್ಷದ ಬಾಲೆ ಗಂಗೂಬಾಯಿ, ಮುಂದೆ ಗಂಗೂಬಾಯಿ ಹಾನಗಲ್ಲರೆಂದು ಜಗತ್ತು ಅರಿತ ಗಾಯಕಿ, ಹಾಡಿದ್ದೂ ಅದೇ ಅಧಿವೇಶನದಲ್ಲಿ. ಅಂದು ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಹಾಡಿನ ಹಾರೈಕೆ ಕೈಗೂಡಲು 1956ರ ನವೆಂಬರ್ 1ರವರೆಗೆ, ಅಂದರೆ 32 ವರ್ಷ ಕಾಯಬೇಕಾಯಿತು. ಇಷ್ಟು ತಿಳಿದ ಮೇಲೆ ಅದೇ ಹಾಡು ಬೇರೆಯಾಗಿ ಕೇಳಿಸುವುದಿಲ್ಲವೇ? ನಾಡು ಇನ್ನೂ ಇಲ್ಲದಾಗ ನಾಡನ್ನು ಹಾಡಿದವರ ಧೈರ್ಯ ನಮಗೆ ಆಗ ಕಾಣುತ್ತದೆ.

ಕೊನೆಗೆ ಆ ಮನೆಯ ಬಾಲಕ ಎದ್ದು ನಿಂತ. ಕೋಡಗವನ್ನು ಕೋಳಿ ನುಂಗಿದ ಶರೀಫರ ಹಾಡನ್ನು ಕೈತಾಳ ಹಾಕುತ್ತ ಸೊಗಸಾಗಿ ಹಾಡಿದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮೂರು ನುಡಿ ಹೇಳಿ ಅವನು ಕುಳಿತುಬಿಟ್ಟ.

"ಕೊನೆಯ ನುಡಿ ಎಲ್ಲಿ ಮಗು?" ಎಂದು ಕೇಳಿದೆವು.

"ಇಷ್ಟೇ ಬುದ್ಧಿ, ಮೊಬೈಲಿನಲ್ಲಿ ಇಷ್ಟೇ ಇತ್ತು," ಎಂದ.

ಅವನನ್ನು ಗದರುವ ಹಕ್ಕು ನಮಗಿರಲಿಲ್ಲ. ಮಠದಲ್ಲಿ ವಟುಗಳಾಗಿದ್ದಾಗ ನಾವೂ ಆ ಹಾಡನ್ನು ನಗೆಗಾಗಿಯೇ ಹಾಡುತ್ತಿದ್ದೆವು. ಒಂದು ರಾತ್ರಿ ಹಿರಿಯ ಸಾಧಕರೊಬ್ಬರು ನಮ್ಮನ್ನು ಕರೆದು, "ಅಂಕಿತ ಬಿಟ್ಟು ಹಾಡಿದರೆ ಸಾಲ ತೀರಿಸದೆ ಎದ್ದು ಹೋದ ಹಾಗೆ," ಎಂದಿದ್ದರು. ಆ ಮಾತು ಇಂದಿಗೂ ಮನಸ್ಸಿನಲ್ಲಿದೆ. ಬಾಲಕನಿಗೆ ಅಂದು ನಾವು ಹೇಳಿದ ಕಥೆಯನ್ನೇ ತಮಗೂ ನಿವೇದಿಸುತ್ತೇವೆ.

ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗ್ರಾಮ. 1819ರ ಜುಲೈ 3ರಂದು ಅಲ್ಲಿ ಇಮಾಮ್ ಸಾಹೇಬರ ಮಗನಾಗಿ ಶರೀಫರು ಜನಿಸಿದರು. ಊರಿನ ಪಾಠಶಾಲೆಯಲ್ಲಿ ಕಲಿತು, ಕೆಲಕಾಲ ಉಪಾಧ್ಯಾಯರಾಗಿದ್ದರು. ಚಾಮರಸನ ಪ್ರಭುಲಿಂಗಲೀಲೆಯ ಪುರಾಣಶ್ರವಣ ಅವರಿಗೆ ಎಳವೆಯಲ್ಲಿಯೇ ಒದಗಿತ್ತು. ಹದಿನೈದನೆಯ ಶತಮಾನದ ಆ ಕಾವ್ಯ ಅಲ್ಲಮಪ್ರಭುಗಳ ಚರಿತ್ರೆಯೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಅಲ್ಲಮರ ಬೆಡಗಿನ ವಚನಗಳ ದಾರಿ ಶರೀಫರ ಹಾಡುಗಳಲ್ಲಿ ಮುಂದುವರಿಯುವುದನ್ನು ನೋಡಿದರೆ, ಆ ಶ್ರವಣ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ. ಬೆಡಗೆಂದರೆ ಹೊರಗೆ ಒಗಟು, ಒಳಗೆ ಅನುಭಾವ. ಲೋಕದ ಲೆಕ್ಕವನ್ನು ತಲೆಕೆಳಗು ಮಾಡಿ, ಕೇಳುವವನ ಬುದ್ಧಿ ಒಮ್ಮೆ ಬೆಚ್ಚಿಬಿದ್ದು ಎಚ್ಚರಗೊಳ್ಳುವಂತೆ ಮಾಡುವುದೇ ಅದರ ಕೆಲಸ.

ಮನಃಶಾಂತಿಗಾಗಿ ಅಲೆಯುತ್ತಿದ್ದ ಶರೀಫರಿಗೆ ಗುರುವಾಗಿ ದೊರೆತವರು ಕಳಸದ ಗೋವಿಂದಭಟ್ಟರು. ಗುರುಗಳು "ನಿನ್ನ ಅಪ್ಪ ಯಾರು?" ಎಂದು ಕೇಳಿದರೆಂದೂ, "ನಿಮ್ಮ ಅಪ್ಪನೇ ನನ್ನ ಅಪ್ಪ" ಎಂದು ಶಿಷ್ಯ ಉತ್ತರಿಸಿದನೆಂದೂ ಜನ ಹೇಳುತ್ತಾರೆ. ಇದು ಐತಿಹ್ಯ; ದಾಖಲೆಯ ಮಾತಲ್ಲ. ಆದರೆ ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ, ಇಬ್ಬರ ನಡುವೆ ಶಿಶುನಾಳದ ಬಸವಣ್ಣನ ಅಂಕಿತ: ಈ ಮೂರೂ ಹಾಡುಗಳಲ್ಲಿಯೇ ಉಳಿದಿವೆ. ಶರೀಫರ ಅಂಕಿತ ಊರ ದೈವದ ಹೆಸರು. ಅದರೊಂದಿಗೆ ಗುರು ಗೋವಿಂದರ ನಾಮಸ್ಮರಣೆಯೂ ಮತ್ತೆ ಮತ್ತೆ ಬರುತ್ತದೆ.

ಈಗ ಹಾಡಿನತ್ತ ಬನ್ನಿ. ನುಡಿನುಡಿಗೂ ಒಂದು ಮತ್ತೊಂದನ್ನು ನುಂಗುತ್ತ ಹೋಗುತ್ತದೆ. ಕಿರಿದು ಹಿರಿದನ್ನೂ ನುಂಗುತ್ತದೆ. ನಗು ಬರುವುದು ಅದಕ್ಕೇ. ಕೊನೆಯ ನುಡಿಯಲ್ಲಿ ಮಾತ್ರ ಗುರು ಗೋವಿಂದರ ಪಾದವು ಹಾಡುವವನನ್ನೇ ನುಂಗಿಬಿಡುತ್ತದೆ! ಅಲ್ಲಿಯವರೆಗಿನ ವಿನೋದವೆಲ್ಲ ಆ ಒಂದು ಸಂಗತಿಗೆ ಕಟ್ಟಿದ ಮೆಟ್ಟಿಲು. 'ನಾನು' ಎಂಬುದು ಗುರುಪಾದದಲ್ಲಿ ಇಲ್ಲವಾಯಿತೆಂಬುದೇ ಹಾಡಿನ ಹುರುಳು. ಆ ನುಡಿಯನ್ನು ಬಿಟ್ಟರೆ ಕೈಯಲ್ಲಿ ಉಳಿಯುವುದು ಬರಿಯ ಕೋಳಿ, ಕೋಡಗ.

ಶರೀಫರು 1889ರಲ್ಲಿ, ಹುಟ್ಟಿದ ದಿನವಾದ ಜುಲೈ 3ರಂದೇ, 70 ವರ್ಷ ತುಂಬಿ ದೇಹ ಬಿಟ್ಟರು. ಆ ಅಂತ್ಯಕಾಲದ ಒಂದು ಐತಿಹ್ಯ ನಮಗೆ ವಿಶೇಷವಾಗಿ ಸಲ್ಲುತ್ತದೆ. ಶರಣರ ಸಂಪ್ರದಾಯದಂತೆ ತಮ್ಮ ಶಿರದ ಮೇಲೆ ಜಂಗಮರ ಪಾದ ಇರಿಸಬೇಕೆಂದು ಅವರು ಬಯಸಿದರಂತೆ. ಬಂದ ಜಂಗಮರು ಮೊದಲು ಹಿಂಜರಿದು, ಬಳಿಕ ಆ ಭಕ್ತಿಗೆ ಮಣಿದರಂತೆ. ಅಂತ್ಯಕ್ರಿಯೆ ಎರಡೂ ಧರ್ಮಗಳ ವಿಧಿಯಿಂದ ನಡೆಯಿತೆಂದೂ ಜನ ನೆನೆಯುತ್ತಾರೆ. ಹಾಡಿನ ಕೊನೆಯ ನುಡಿ ಬಾಳಿನ ಕೊನೆಯ ಗಳಿಗೆಯಾಗಿ ನಿಂತ ಬಗೆ ಇದು. ನಾವಾದರೋ, ಪಾದವಿಡಲು ಹಿಂಜರಿದ ಆ ಜಂಗಮರ ಸ್ಥಾನದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಹಲವು ಸಲ ಯೋಚಿಸಿದ್ದೇವೆ. ಅಂದು ಅಲ್ಲಿ ಸಣ್ಣವರಾಗಿ ಕಂಡವರು ಯಾರು?

ಶರೀಫರ ಹಾಡುಗಳು ಬಹುಕಾಲ ಧಾರವಾಡ ಸೀಮೆಯ ಭಜನಾ ಮೇಳಗಳ ಕಂಠದಲ್ಲಿಯೇ ಉಳಿದಿದ್ದವು. ಅವನ್ನು ನಾಡಿನ ಮನೆಮನೆಗೂ ಮುಟ್ಟಿಸಿದವರಲ್ಲಿ ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಪ್ರಮುಖರು. 1990ರಲ್ಲಿ ತೆರೆಕಂಡ, ಟಿ. ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಲನಚಿತ್ರಕ್ಕೆ ಸಂಗೀತ ನೀಡಿದವರೂ ಅಶ್ವತ್ಥರೇ. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು 2009ರ ಡಿಸೆಂಬರ್ 29ರಂದು, ಶರೀಫರಂತೆಯೇ 70 ತುಂಬಿದ ದಿನ, ತೀರಿಕೊಂಡರು. ಇದರಿಂದ ಪವಾಡವನ್ನೇನೂ ಕಟ್ಟಬೇಕಾಗಿಲ್ಲ. ಆದರೂ ನೆನೆದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ತ್ಯಾಗರಾಜನಗರಕ್ಕೆ ಸಮೀಪದ ನರಸಿಂಹರಾಜ ಕಾಲೋನಿಯಲ್ಲಿ ಅಶ್ವತ್ಥರ ಹೆಸರಿನ ಕಲಾಭವನವಿದೆ. ಶಿಶುನಾಳದಿಂದ ಹೊರಟ ಹಾಡು ಆ ಬಾಲಕನ ಮನೆಯ ಸಮೀಪಕ್ಕೇ ಬಂದಿತ್ತು. ಕೊನೆಯ ನುಡಿ ಮಾತ್ರ ದಾರಿಯಲ್ಲಿ ಉದುರಿತ್ತು.

ಆದಕಾರಣ ತಮ್ಮಲ್ಲಿ ನಮ್ಮ ಬಿನ್ನಹ ಇಷ್ಟೆ. ತಮ್ಮ ಮನೆಗಳಲ್ಲಿಯೂ ತಿಂಗಳಿಗೊಮ್ಮೆ ಇಂತಹ ಹಾಡಿನ ಕೂಟ ನಡೆಯಲಿ. ವಚನವಾಗಲಿ, ತತ್ತ್ವಪದವಾಗಲಿ, ನಾಡಗೀತೆಯಾಗಲಿ, ಹಾಡುವಾಗ ಅಂಕಿತವನ್ನು ಬಿಡಬೇಡಿ, ಕವಿಯ ಹೆಸರನ್ನು ನುಂಗಬೇಡಿ. ಅದರ ಕಥೆಯನ್ನು ಮಕ್ಕಳಿಗೆ ಹೇಳಿ. ತಿಳಿದ ಇತಿಹಾಸವನ್ನು ಇತಿಹಾಸವೆಂದೇ ಹೇಳಿ, ಜನ ನಂಬಿಕೊಂಡು ಬಂದುದನ್ನು ಐತಿಹ್ಯವೆಂದೇ ಹೇಳಿ. ಹಾಗೆ ಬೇರ್ಪಡಿಸಿ ಹೇಳುವುದರಿಂದ ಭಕ್ತಿಗೆ ಕುಂದಿಲ್ಲ. ಸತ್ಯಕ್ಕೆ ಅಂಜುವ ಭಕ್ತಿ ಬಹುದೂರ ಬಾರದು.

ಆ ಸಂಜೆ ನಾವು ಹೊರಡುವ ಮುನ್ನ ಬಾಲಕ ಕೊನೆಯ ನುಡಿಯನ್ನು ಕಲಿತು ಮತ್ತೊಮ್ಮೆ ಹಾಡಿದ. ಮೊದಲ ನುಡಿಗಳಿಗೆ ಎಲ್ಲರೂ ಹಿಂದಿನಂತೆಯೇ ನಕ್ಕರು. ಗುರುವಿನ ಪಾದ ಬಂದಾಗ ಯಾರೂ ನಗಲಿಲ್ಲ. ಅವನ ಅಜ್ಜಿ ಕುಳಿತಲ್ಲಿಂದಲೇ ಕೈ ಮುಗಿದರು.